ಐದು ಕೊಲೆಗಾರರಲ್ಲಿ ಒಬ್ಬ

ಡಬ್ಬಿಂಗ್ ಕೋಣೆಯ ಅರೆಗತ್ತಲಲ್ಲಿ ಗದಿಗೆಪ್ಪ ಹೆಡ್‌ಫೋನ್ ಹಾಕಿಕೊಂಡು ನಿಂತಿದ್ದ. ಎದುರಿನ ಪರದೆಯ ಮೇಲೆ ಅವನೇ ವಾಚ್‌ಮನ್ ವೇಷದಲ್ಲಿ ಗೇಟು ತೆಗೆದು ಕಾರಿಗೆ ಸಲಾಮು ಹೊಡೆಯುತ್ತಿದ್ದ. ಮೈಕಿನಲ್ಲಿ ಹೇಳಿದ ಮಾತು ತುಟಿಗೆ ಸರಿಯಾಗಿ ಕೂತಿತು. ರೆಕಾರ್ಡಿಂಗ್ ನೋಡಿಕೊಳ್ಳುವ ರೂಪಾಲಿ ಗಾಜಿನಾಚೆಯಿಂದ ಹೆಬ್ಬೆರಳು ತೋರಿಸಿದಳು. ಇಷ್ಟೇನಾ, ಇನ್ನೂ ಇದೆಯಾ ಎಂದು ಕೇಳಲು ಗದಿಗೆಪ್ಪನಿಗೆ ಬಾಯಿ ಬರಲಿಲ್ಲ.

ಒಂದು ಕೊಲೆ ಕಾದಂಬರಿಯನ್ನು ಸಿನಿಮಾ ಮಾಡುತ್ತಿದ್ದರು. ಶೂಟಿಂಗ್ ನಡೆಯುತ್ತಿರುವ ಸ್ಟುಡಿಯೋದಲ್ಲೇ ನಿರ್ಮಾಪಕನ ಕೊಲೆಯಾಗುವ ಕಥೆ. ಪುಸ್ತಕ ಓದಿದವರಿಗೆಲ್ಲ ಕೊಲೆಗಾರ ಯಾರೆಂದು ಗೊತ್ತು. ಅದಕ್ಕೇ ನಿರ್ದೇಶಕ ಅನುರಾಗ್ ಕೊನೆಯನ್ನು ಬದಲಿಸಿದ್ದ. ಗುಟ್ಟು ಸೆಟ್ಟಿನಿಂದಲೇ ಹೊರಬೀಳದಿರಲೆಂದು ಗದಿಗೆಪ್ಪನೂ ಸೇರಿ ಐವರು ನಟರಿಂದಲೂ 'ಕೊಂದವನು ನಾನೇ' ಎಂದು ಒಪ್ಪಿಕೊಳ್ಳುವ ದೃಶ್ಯ ಮಾಡಿಸಿದ್ದ. ಸಿನಿಮಾದಲ್ಲಿ ಉಳಿಯುವುದು ಒಂದೇ. ಯಾರದೆಂದು ನಟರಿಗೂ ಹೇಳಿರಲಿಲ್ಲ. ಆದರೆ ಸೆಟ್ಟಿನ ಗದ್ದಲದಲ್ಲಿ ಹಿಡಿದ ಮಾತನ್ನು ಇಲ್ಲಿ ಮತ್ತೆ ಹೇಳಿಸಲೇಬೇಕಲ್ಲ! ಯಾರಿಂದ ಆ ದೃಶ್ಯದ ಮಾತು ಹೇಳಿಸುತ್ತಾರೋ ಅವನೇ ಕೊಲೆಗಾರ.

ತನ್ನೂರು ಇಂಡಿಯ ಕಡೆಯಿಂದ ಮುಂಬಯಿಗೆ ಬಂದ ಮೇಲೆ ಗದಿಗೆಪ್ಪ ಮಾಡಿದ್ದೆಲ್ಲ ಗೇಟು ತೆಗೆಯುವ, ಚಹಾ ಕೊಡುವ, ಹೀರೋ ಕೈಲಿ ಏಟು ತಿನ್ನುವ ಪಾತ್ರಗಳೇ. ನೋಡುವವರು ಕಣ್ಣು ಮಿಟುಕಿಸಿದರೆ ಮುಗಿದೇ ಹೋಯಿತು. ಮಲಾಡಿನ ಅವನ ಚಾಳಿನಲ್ಲಿ ಜನ ಅವನನ್ನೇ ಹೀರೋ ಎಂದು ಕರೆದು ನಗುತ್ತಿದ್ದರು. ಕೊಲೆ ಒಪ್ಪಿಕೊಳ್ಳುವ ಈ ದೃಶ್ಯವನ್ನು ಮಾತ್ರ ಅವನು ದೇವರು ಮೈಮೇಲೆ ಬಂದವನ ಹಾಗೆ ಮಾಡಿದ್ದ. ಮಾಡುತ್ತ ಮಾಡುತ್ತ, ಹಿಂದಿ ಮಾತಿನ ನಡುವೆ "ಯವ್ವಾ" ಎಂದು ಅತ್ತುಬಿಟ್ಟಿದ್ದ. ಅನುರಾಗ್ ಇನ್ನೊಂದು ಟೇಕ್ ಕೇಳಲಿಲ್ಲ. ಬೇಕಾದ ದೃಶ್ಯವಾಗಿದ್ದರೆ ತಪ್ಪು ತಿದ್ದಿಸದೆ ಬಿಡುತ್ತಿದ್ದನೇ? ಹೇಗೂ ಎಸೆಯುವುದು, ಇಷ್ಟು ಸಾಕು ಅಂದುಕೊಂಡನಲ್ಲ ಪುಣ್ಯಾತ್ಮ! ಅಂದಿನಿಂದ ಗದಿಗೆಪ್ಪನಿಗೆ ಅದೇ ಸಂಕಟ.

ಪರದೆ ಕಪ್ಪಾಯಿತು. ಅವನು ಹೆಡ್‌ಫೋನ್ ತೆಗೆಯಲು ಕೈ ಎತ್ತಿದಾಗ ಅನುರಾಗ್ ಒಳಗೆ ಬಂದು ಬಾಗಿಲನ್ನು ಒತ್ತಿ ಮುಚ್ಚಿದ. ಮತ್ತೆ ಚಿತ್ರ ಬಂತು. ಪರದೆ ತುಂಬ ಗದಿಗೆಪ್ಪನದೇ ಮುಖ! ತನ್ನ ಮುಖವನ್ನು ಅಷ್ಟು ದೊಡ್ಡದಾಗಿ ಅವನು ಎಂದೂ ನೋಡಿರಲಿಲ್ಲ.

ಉಳಿದ ಮಾತನ್ನೆಲ್ಲ ಮತ್ತೆ ಹೇಳು, ಆ ಅವ್ವನನ್ನು ಕರೆದ ಕೂಗನ್ನು ಮಾತ್ರ ಮುಟ್ಟಬೇಡ ಎಂದ ಅನುರಾಗ್. ಅದು ಸೆಟ್ಟಿನಲ್ಲಿ ಬಂದದ್ದೇ ಇರಲಿ, ಅದಕ್ಕಾಗಿಯೇ ಇನ್ನೊಂದು ಟೇಕ್ ಕೇಳಲಿಲ್ಲ ಎಂದ. ಕೆಲಸ ಮುಗಿದ ಮೇಲೆ ಹೆಗಲ ಮೇಲೆ ಕೈಯಿಟ್ಟು, ಹೆಂಡತಿಗೂ ಹೇಳಕೂಡದು ಎಂದು ಎಚ್ಚರಿಸಿದ. ಸುದ್ದಿ ಹೊರಗೆ ಬಿದ್ದರೆ ನಿನ್ನ ದೃಶ್ಯ ತೆಗೆದು ಉಳಿದ ನಾಲ್ಕರಲ್ಲಿ ಒಂದನ್ನು ಸೇರಿಸಿಬಿಡುತ್ತೇನೆ ಎಂದು ನಗದೆಯೇ ಹೇಳಿದ.

ಹೆಂಡತಿ ಮಹಾದೇವಿಯಿಂದ ಗದಿಗೆಪ್ಪ ಈವರೆಗೆ ಏನನ್ನೂ ಮುಚ್ಚಿಟ್ಟವನಲ್ಲ. ಅವಳ ಹೊಟ್ಟೆಯಲ್ಲೋ, ಗುಟ್ಟು ನಿಲ್ಲುವುದಿಲ್ಲ. ನಲ್ಲಿಯ ಹತ್ತಿರ ಅವಳು ಬಾಯಿಬಿಟ್ಟರೆ ಕೊಡ ತುಂಬುವುದರೊಳಗೆ ಸುದ್ದಿ ರೈಲ್ವೆ ಸ್ಟೇಷನ್ ಮುಟ್ಟುತ್ತದೆ. ಲೋಕಲ್ ರೈಲಿನಲ್ಲಿ ನೇತಾಡುತ್ತ ಅವನು ಮುಖ ಬಾಡಿಸಿಕೊಳ್ಳುವುದನ್ನು ಅಭ್ಯಾಸ ಮಾಡಿದ.

ಬಾಗಿಲಲ್ಲೇ ತುಪ್ಪದ ವಾಸನೆ. ಮಹಾದೇವಿ ಆಸೆಯಿಂದ ಹೋಳಿಗೆ ಮಾಡಿಟ್ಟಿದ್ದಳು.

"ಏನಾತ್ರಿ? ಕೊಂದಾಂವ ನೀವ ಏನು?"

"ಇಲ್ಲ ಮಾದೇವಿ. ಗೇಟ್ ತಗದಿದ್ದಷ್ಟ."

ಅವಳ ಮುಖ ಇಳಿಯಿತು. ತಾಟು ಹಾಕಿ, ಹೋಳಿಗೆ ಬಡಿಸಿ, ಎದುರು ಕೂತಳು. "ಅವ್ರಿಗೆ ಕಣ್ಣಿಲ್ಲ ಬಿಡ್ರಿ" ಎಂದಳು. "ಕನ್ನಡಿ ಮುಂದ ನೀವು ಆ ಕೊಲಿ ಒಪ್ಪಿಕೊಳ್ಳೂ ಮಾತು ಹೇಳೂದು ಕದ್ದು ನೋಡೀನಿ ನಾ. ನನಗ ಅಳು ಬಂದಿತ್ತು. ನಿಮಗ ಹೇಳಿರಲಿಲ್ಲ."

ಇಷ್ಟು ವರ್ಷದಲ್ಲಿ ಅವಳು ಅವನ ಕೆಲಸವನ್ನು ಹೊಗಳಿದ್ದು ಇದೇ ಮೊದಲು. ಹೇಳಿಬಿಡಬೇಕು, ಈಗಲೇ ಹೇಳಿಬಿಡಬೇಕು ಎಂದು ಗದಿಗೆಪ್ಪನ ಜೀವ ಒದ್ದಾಡಿತು. ಎಲ್ಲಿ ಮಾತು ಜಾರುತ್ತದೋ ಎಂದು ಹೋಳಿಗೆಯನ್ನು ಬಾಯಿ ತುಂಬ ತುರುಕಿಕೊಂಡ. ಕಣ್ಣು ಮಾತ್ರ ಅವನ ಮಾತು ಕೇಳಲಿಲ್ಲ.

ಮಹಾದೇವಿ ಸೆರಗಿನಿಂದ ಅವನ ಕಣ್ಣು ಒರೆಸಿದಳು. ಇನ್ನೊಂದು ಹೋಳಿಗೆ ಹಾಕಿ, ಬೇಡವೆಂದು ಕೈ ಅಡ್ಡ ಹಿಡಿದರೂ ಬಿಡದೆ, ತುಪ್ಪ ಸುರಿದಳು.