ಎರೆಮಣ್ಣಿನ ಪಟ್ಟಿ

ಪಕ್ಕದ ಮನೆಯ ಹಸನಬಿ ಸ್ಟೀಲಿನ ತಂಬಿಗೆಯನ್ನು ಸೆರಗಿನಿಂದ ಒರೆಸಿ ಅನಿತಾಳ ಮುಂದೆ ಇಟ್ಟಳು.

"ಫೋನ್ ಇದರಾಗ ಇಡು ಯವ್ವಾ. ಕರೇ ಚಿತ್ರದ್ದು ಹಚ್ಚು. ಹೊರಡೂಕಿಂತ ಮೊದಲ ಒಮ್ಮೆ ಕೇಳಿ ನೋಡೂಣು."

ಅತ್ತೆಯ ಮೊಬೈಲ್ ಅನಿತಾಳ ಕೈಯಲ್ಲೇ ಇತ್ತು. ಬೆಳಿಗ್ಗೆಯಿಂದ ಬೀಗರು ಬಿಜ್ಜರಿಗೆಲ್ಲ ಸಾವಿನ ಸುದ್ದಿ ಹೇಳಿದ್ದು ಅದರಿಂದಲೇ. ಹಾಡಿನ ಆ್ಯಪ್ ತೆರೆದು ಬೆರಳಿನಿಂದ ಕೆಳಗೆ ಜಾರಿಸಿದಳು. ಹಾಡಿನ ಪಟ್ಟಿಗಳ ಮೇಲೆ ಮೆಣಸಿನಕಾಯಿಯ ಚಿತ್ರ ಇತ್ತು, ಉಳ್ಳಾಗಡ್ಡಿಯ ಚಿತ್ರ ಇತ್ತು, ಕಳೆ ತೆಗೆಯುವ ಕುರ್ಪಿಯದೂ ಇತ್ತು. ಕಪ್ಪು ಚಿತ್ರ ಮಾತ್ರ ಇರಲಿಲ್ಲ. ಎಲ್ಲಿಂದ ಇರಬೇಕು, ಗಣೇಶನ ಹಬ್ಬದ ಹಿಂದಿನ ದಿನ ಅದನ್ನು ಅಳಿಸಿದವಳು ಅವಳೇ.

"ಕರೇ ಚಿತ್ರದ್ದು ಅಂದ್ರ ಯಾವುದು ಚಿಗವ್ವ?" ಎಂದು ಕೇಳಿದಳು.

"ನಿನಗ ಹೇಳಿಲ್ಲೇನ ನಿಮ್ಮತ್ತಿ? ಅಕಿನ್ನ ಮಣ್ಣ ಮಾಡೂ ಮುಂದ ಹಚ್ಚೂದು. ನಮ್ಮ ಎಂಟೂ ಮಂದಿಗೆ ಆಣಿ ಹಾಕಿಸ್ಯಾಳ."

ಅತ್ತೆ ಸಣ್ಣವ್ವನನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿದ್ದರು. ಬೆಳಿಗ್ಗೆ ಚಹಾ ಕುಡಿದು, ಕಪ್ಪನ್ನು ತೊಳೆದು ಬೋರಲು ಹಾಕಿ, ಇದೇ ಗೋಡೆಗೆ ಹೀಗೆಯೇ ಒರಗಿ ಕೂತವಳು ಮತ್ತೆ ಎದ್ದಿರಲಿಲ್ಲ. ಎದುರಿಗೆ ಅವಳ ಗುಂಪಿನ ಎಂಟು ಹೆಂಗಸರು ಹೊಲದ ಬದುವಿನ ಮೇಲೆ ಬುತ್ತಿ ಬಿಚ್ಚಿ ಕೂತಂತೆ ಸಾಲಾಗಿ ಕೂತಿದ್ದರು. ಈಗ ಅಪ್ಪಣೆ ಕೊಟ್ಟಾಳು, ಎದ್ದು ಕುರ್ಪಿ ಹಿಡಿಯಬೇಕು, ಅಂಥ ಮುಖ ಎಲ್ಲರದೂ.

*

ಸಣ್ಣವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ನಾಲ್ಕು ವರ್ಷದ ಹಿಂದೆ ಮಗ, ಅನಿತಾಳ ಗಂಡ ಮಂಜು ಗಜೇಂದ್ರಗಡದಿಂದ ಆ ಫೋನು ತಂದುಕೊಟ್ಟು, ನಡುವೆ ಜಾಹೀರಾತು ಬಾರದ ಹಾಗೆ ಹಾಡಿನ ಆ್ಯಪನ್ನೂ ಹಾಕಿಸಿದ್ದ. ಸಣ್ಣವ್ವ ಮೊದಲು ಕಲಿತದ್ದು ಫೋಟೋ ತೆಗೆಯುವುದನ್ನು, ಆಮೇಲೆ ಆ ಫೋಟೋವನ್ನು ಹಾಡಿನ ಪಟ್ಟಿಯ ನೆತ್ತಿಗೆ ಅಂಟಿಸುವುದನ್ನು. ಹೆಸರು ಓದಲಾರದವಳು ಚಿತ್ರ ನೋಡಿ ಹಾಡು ಹಚ್ಚುತ್ತಿದ್ದಳು. ಕಳೆ ತೆಗೆಯುವುದಕ್ಕೆ ನಿಧಾನದ ಹಾಡುಗಳು, ಕೈ ಒಂದೇ ಸಮ ಆಡಬೇಕು. ಮೆಣಸಿನಕಾಯಿ ಬಿಡಿಸುವುದಕ್ಕೆ ಲಗುಬಗೆಯವು. ಬದುವಿನ ಮೇಲೆ ಖಾಲಿ ತಂಬಿಗೆಯಲ್ಲಿ ಫೋನು ನಿಲ್ಲಿಸಿದರೆ ನಾಲ್ಕು ಸಾಲಿನಾಚೆಗೂ ಕೇಳುತ್ತಿತ್ತು. ಹೊಲದ ಸಾಹುಕಾರ ಪ್ರಭುಲಿಂಗಪ್ಪ ಆಳು ಕರೆಯಲು ಬಂದಾಗ ಮಂದಿ ಎಷ್ಟೆಂದು ಕೇಳುತ್ತಿರಲಿಲ್ಲ, ತಂಬಿಗೆ ಮರೆಯಬೇಡ ಎಂದಷ್ಟೇ ಹೇಳಿ ಹೋಗುತ್ತಿದ್ದರು.

ಅವಳದೇ ಇನ್ನೊಂದು ಕಟ್ಟಳೆ ಇತ್ತು. ಸಂಜೆ ಟ್ರ್ಯಾಕ್ಟರಿನಿಂದ ಇಳಿದು ತಂತಮ್ಮ ಓಣಿಗೆ ಹೋದ ಹೆಂಗಸರು, ಮನೆ ಮುಟ್ಟಿದ ಕೂಡಲೇ ಫೋನಿನ ಗುಂಪಿಗೆ ಏನಾದರೊಂದು ಕಳಿಸಬೇಕು. ಬರೆಯಲು ಬಾರದವರು ಒಲೆಯದೋ ಆಡಿನದೋ ಫೋಟೋ ಕಳಿಸುತ್ತಿದ್ದರು. ಸಣ್ಣವ್ವ ಪಡಸಾಲೆಯಲ್ಲಿ ಕೂತು ಬೆರಳು ಮಡಚಿ ಎಣಿಸುವಳು. ಎಂಟು ಬಂದ ಮೇಲೆ ತನ್ನದೊಂದನ್ನು ಕಳಿಸಿ, ಆಗ ಕಾಲು ಚಾಚುವಳು.

*

ಅನಿತಾ ಹಸನಬಿಯನ್ನು ಅಡುಗೆಮನೆಗೆ ಕರೆದೊಯ್ದು ಹೇಳಿಬಿಟ್ಟಳು. ಫೋನು ತುಂಬಿ ಹೊಸ ಹಾಡು ಇಳಿಯುತ್ತಿಲ್ಲವೆಂದು ಅತ್ತೆ ಗೊಣಗುತ್ತಿದ್ದದ್ದು, ತಾನು ಕೂತು ಬೇಡಾದದ್ದನ್ನೆಲ್ಲ ತೆಗೆದದ್ದು, ಆಗ ಈ ಹೆಸರಿಲ್ಲದ ಪಟ್ಟಿ ಕಂಡದ್ದು. ಅದರ ನೆತ್ತಿಯ ಮೇಲೆ ಬರೀ ಕಪ್ಪು ಇತ್ತು, ಮೂಲೆಯಲ್ಲೊಂದು ಬಿಳಿ ಗೆರೆ.

"ನಾ ಅಂದ್ಕೊಂಡೆ, ಹೆಬ್ಬಟ್ಟಿನ ಫೋಟೋ ಅಂತ. ಫೋನಿನ ತುಂಬ ಅತ್ತಿ ಹೆಬ್ಬಟ್ಟಿನವ ಅದಾವಲ್ಲ."

ಹಸನಬಿ ಅವಳನ್ನೇ ನೋಡಿದಳು. ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡಳು. ಅಳುತ್ತಿದ್ದಾಳೆಂದು ಅನಿತಾ ಭುಜ ಹಿಡಿಯಲು ಹೋದರೆ ಅವಳು ನಗುತ್ತಿದ್ದಳು.

"ಹೆಬ್ಬಟ್ಟ ಅಲ್ಲವಾ ಅದು, ಕರೇ ಎರಿಮಣ್ಣು. ಹೊಲದಾಗ ಬಗ್ಗಿ, ಫೋನು ನೆಲಕ್ಕ ತಾಗಿಸಿ ತಗದ್ಲು. ನಾ ಕೇಳಿದೆ, ಇದೇನ ಸಣ್ಣವ್ವ, ಏನೂ ಕಾಣವಲ್ದು. ಅಲ್ಲಿ ಹೋದ ಮ್ಯಾಲ ಇಷ್ಟ ಕಾಣೂದು ಅಂದ್ಲು."

ಅನಿತಾಳ ಕಣ್ಣು ತುಂಬಿತು. ಹಸನಬಿ ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವಳಾದ ದುರ್ಗಾಳನ್ನು ಕೂಗಿದಳು. ಹತ್ತನೇ ಇಯತ್ತೆ ಓದಿದ ದುರ್ಗಾ ಫೋನು ಇಸಿದುಕೊಂಡು ಅಲ್ಲಿ ಒತ್ತಿ ಇಲ್ಲಿ ಒತ್ತಿ ನೋಡಿದಳು. ಅಳಿಸಿದ ಪಟ್ಟಿ ಮೂರು ತಿಂಗಳವರೆಗೆ ಮರಳಿ ಸಿಗುವುದಂತೆ, ಆಮೇಲೆ ಇಲ್ಲವಂತೆ. ಗಣೇಶನ ಹಬ್ಬ ಕಳೆದು ಸಂಕ್ರಮಣವೂ ಮುಗಿದಿತ್ತು. ತಿಂಗಳು ಎಣಿಸಲು ಅನಿತಾ ಬೆರಳು ಮಡಚಲೇ ಇಲ್ಲ.

"ಹೋತಂದ್ರ ಹೋತು," ಎಂದಳು ಹಸನಬಿ. "ಅದರಾಗಿನ ಹಾಡು ಎಲ್ಲಿ ಹೋಗ್ಯಾವ? ಅಕಿ ನಮ್ಮ ಕಡಿಂದ ಒಬ್ಬೊಬ್ರಿಂದ ಒಂದೊಂದ ಇಸಗೊಂಡಿದ್ಲು. ಬರ್ರೆವಾ, ನಿಮ್ಮ ನಿಮ್ಮದ ಕೊಡ್ರಿ."

ಎಂಟೂ ಜನ ಅಡುಗೆಮನೆಗೆ ಬಂದರು. ಯಾರಿಗೂ ಹಾಡಿನ ಹೆಸರು ಗೊತ್ತಿರಲಿಲ್ಲ. ಒಬ್ಬಳು ಮೊದಲ ಸಾಲು ಗುನುಗಿದಳು, ಇನ್ನೊಬ್ಬಳಿಗೆ ನಡುವಿನ ಶಹನಾಯಿ ಮಾತ್ರ ನೆನಪಿತ್ತು, ಅದನ್ನೇ ಮೂಗಿನಲ್ಲಿ ಬಾರಿಸಿ ತೋರಿಸಿದಳು. ದುರ್ಗಾಳ ಹಾಡನ್ನು ಹುಡುಕಿದರೆ ಅದನ್ನೇ ಐದು ಜನ ಹಾಡಿದ್ದು ಬಂತು. ಯಾವುದೆಂದು ಜಗಳ ಹತ್ತಿತು. ಸಣ್ಣ ಹುಡುಗರಂತೆ ಜಗಳಾಡಬೇಡಿರೆಂದು ಗದರಿದ ಹಸನಬಿ, ತನ್ನ ಸರದಿ ಬಂದಾಗ ಇಡೀ ಹಾಡನ್ನು ಕಣ್ಣು ಮುಚ್ಚಿ ಹಾಡಿದಳು. ನಿಲ್ಲಿಸಲು ಯಾರಿಗೂ ಮನಸ್ಸಾಗಲಿಲ್ಲ. ಯಾವುದರ ಬೆನ್ನಿಗೆ ಯಾವುದು ಎಂಬುದು ಮಾತ್ರ ಎಲ್ಲರಿಗೂ ಬಾಯಿಪಾಠವಿತ್ತು. ಸಣ್ಣವ್ವ ಹೊಲದಲ್ಲಿ ಒಂದು ದಿನ ಆ ಎಂಟನ್ನೂ ಹಚ್ಚಿ, ತಾನು ಬದುವಿನ ಮೇಲೆ ಉದ್ದಕ್ಕೆ ಮಲಗಿ, ಹೀಗೆ ಎಂದು ತೋರಿಸಿದ್ದಳಂತೆ.

ಎಂಟು ಆದವು. ಹಸನಬಿ ಏಳಲಿಲ್ಲ.

"ಇನ್ನೊಂದ ಐತಿ. ಕಡೀದು. ಅವತ್ತ ಅದನ್ನ ನಮಗ ಕೇಳಾಕ ಕೊಡಲಿಲ್ಲ. ಅದು ನನ್ನ ಸೊಸೀದು ಅಂದ್ಲು."

*

ಗಣೇಶನ ಹಬ್ಬಕ್ಕೂ ಮೊದಲಿನ ಒಂದು ದಿನ ಅನಿತಾ ರೊಟ್ಟಿ ಬಡಿಯುತ್ತಿದ್ದಳು. ಸಣ್ಣವ್ವ ಒಲೆಯ ಮುಂದೆ ಬಂದು ಕೂತು ಫೋನು ಹಿಡಿದಳು.

"ನಿನಗ ಯಾವ ಹಾಡು ಸೇರತೈತಿ, ಒಂದ ಹೇಳು."

"ಹಾಡು ಕೇಳಾಕ ನನಗೆಲ್ಲಿ ಪುರಸೊತ್ತು ಅತ್ತಿ."

"ಒಂದ ಹೇಳಂದ್ರ."

ತವೆಯ ಮೇಲೆ ರೊಟ್ಟಿ, ತೊಡೆಯ ಮೇಲೆ ಕೂಸು. ಅತ್ತೆ ಎದ್ದು ಹೋದರೆ ಸಾಕೆನಿಸಿ ಅನಿತಾ ಬಾಯಿಗೆ ಬಂದದ್ದನ್ನು ಹೇಳಿದಳು. "ನಮ್ಮ ಮದುವಿ ಮೆರವಣಿಗ್ಯಾಗ ನೀವ ಕುಣದ್ರಿ ನೋಡ್ರಿ, ಆ ಹಾಡು."

ಸಣ್ಣವ್ವ ನಕ್ಕಳು. ಅವತ್ತು ಬೀಗರೆದುರು ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಣಿದವಳನ್ನು ಮೈದುನ ಲಕ್ಷ್ಮಪ್ಪ ಕೈ ಹಿಡಿದು ಎಳೆದರೆ, ಅವನ ಕೈಯನ್ನೇ ಹಿಡಿದು ಅವನನ್ನೂ ಕುಣಿಸಿದ್ದಳು.

"ಚಲೋ ಆತು. ಅದನ್ನ ಕಡೀಕ ಇಡತೇನಿ. ಅಷ್ಟೊತ್ತಿಗೆ ಅಳೂದೆಲ್ಲಾ ಮುಗದಿರತೈತಿ."

ಯಾವ ಅಳು ಎಂದು ಕೇಳಬೇಕೆನ್ನುವಷ್ಟರಲ್ಲಿ ರೊಟ್ಟಿ ಸೀದಿತು.

*

ಹಳ್ಳದ ದಂಡೆಯಲ್ಲಿ ಕುಣಿ ತೋಡಿದ್ದರು. ಹಲಗೆ ಬಾರಿಸುತ್ತ ಬಂದ ಕಳಕಪ್ಪ ಮೆಲ್ಲಗೆ ಕೈ ನಿಲ್ಲಿಸಿದ. ಹಸನಬಿ ಕುಣಿಯ ಮಗ್ಗುಲಲ್ಲಿ ತಂಬಿಗೆ ಇಟ್ಟಳು. ಹಾಡುಗಳು ಒಂದರ ಬೆನ್ನಿಗೊಂದು ಬಂದವು. ತನ್ನ ಹಾಡು ಬಂದಾಗ ಒಬ್ಬೊಬ್ಬಳು ಮುಂದೆ ಬಂದು ಹಿಡಿ ಮಣ್ಣು ಹಾಕಿದಳು. ಮಂಜು ಅತ್ತ, ಅವನ ಚಿಕ್ಕಪ್ಪ ಲಕ್ಷ್ಮಪ್ಪ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ.

ಒಂಬತ್ತನೆಯ ಹಾಡಿನ ಬ್ಯಾಂಡು ಶುರುವಾದದ್ದೇ ಲಕ್ಷ್ಮಪ್ಪ ಟವೆಲ್ಲು ಇಳಿಸಿದ.

"ಏ ತಂಗಿ, ಇದೇನಿದು? ಮದುವಿ ಹಾಡಲ್ಲ ಇದು? ಮಂದಿ ಏನಂದಾರು?"

ಅನಿತಾ ತಂಬಿಗೆಯ ಕಡೆ ನೋಡಿದಳು. ಅದಕ್ಕೆ ಕೈ ಹಾಕಿ ಆರಿಸಿಬಿಟ್ಟರೆ ಮುಗಿಯುತ್ತಿತ್ತು. ಒಮ್ಮೆ ಗೊತ್ತಿಲ್ಲದೆ ಅಳಿಸಿದವಳು, ಈಗ ಗೊತ್ತಿದ್ದೂ ನಿಲ್ಲಿಸಬೇಕೆ?

"ಅತ್ತಿನ ಇಟ್ಟಾರ್ರಿ ಮಾವ," ಎಂದಳು. "ನಾ ನಿಲ್ಲಸಂಗಿಲ್ಲ."

ಲಕ್ಷ್ಮಪ್ಪ ಬಾಯಿ ತೆರೆಯುವ ಮೊದಲೇ ಕಳಕಪ್ಪ ಹಲಗೆಯನ್ನು ಹೆಗಲಿಗೇರಿಸಿದ. "ಅವತ್ತೂ ನಾನ ಬಾರಿಸಿದ್ನಿ. ನೀವ ಕುಣದಿದ್ರಿ ಯಜಮಾನ್ರ, ಮರತ್ರೇನು?"

ಯಾರೋ ಕಿಸಕ್ಕನೆ ನಕ್ಕರು. ಹಲಗೆ ಬ್ಯಾಂಡಿನ ತಾಳಕ್ಕೆ ಕೂಡಿಕೊಂಡಿತು. ಲಕ್ಷ್ಮಪ್ಪ ಸಿಟ್ಟಿನಿಂದಲೇ ನಿಂತಿದ್ದ, ಆದರೆ ಅವನ ಬಲಗಾಲಿನ ಹೆಬ್ಬೆರಳು ನೆಲವನ್ನು ತಟ್ಟುತ್ತಿದ್ದದ್ದು ಅನಿತಾಳಿಗೆ ಕಂಡಿತು.

ಅವಳು ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡಳು. ಹಸಿಯಾಗಿತ್ತು, ಕಪ್ಪಗಿತ್ತು, ಅದರೊಳಗೆ ಕರಿಕಿ ಹುಲ್ಲಿನ ಒಂದು ಬಿಳಿ ಬೇರು. ಅವಳು ಆ ಬೇರನ್ನೇ ಬಹಳ ಹೊತ್ತು ನೋಡಿದಳು. ಹಾಡು ಮುಗಿದ ಮೇಲೆ ತಂಬಿಗೆಯಿಂದ ಫೋನು ತೆಗೆದು, ಕೈಯ ಮಣ್ಣಿನ ಹತ್ತಿರ ಹಿಡಿದು ಫೋಟೋ ತೆಗೆದಳು. ಆಮೇಲೆ ಮಣ್ಣನ್ನು ಕುಣಿಗೆ ಹಾಕಿದಳು.

*

ಸಂಜೆ ಸ್ನಾನ ಮುಗಿಸಿ ಎಲ್ಲರೂ ತಂತಮ್ಮ ಮನೆಗೆ ಹೋದರು. ಅನಿತಾ ಅಂಗಳದಲ್ಲಿ ತಂಬಿಗೆ ತೊಳೆಯುತ್ತಿದ್ದಳು. ಕಟ್ಟೆಯ ಮೇಲಿನ ಫೋನು ಟಿಂಗ್ ಎಂದಿತು. ಯಾರದೋ ಒಲೆ. ಮತ್ತೊಂದು, ದುರ್ಗಾಳ ಆಡು. ಇನ್ನೊಂದು, ಬರೀ ಬಾಗಿಲು. ಅವಳು ಒದ್ದೆ ಕೈಯಲ್ಲೇ ಬೆರಳು ಮಡಚುತ್ತ ಹೋದಳು. ಕಟ್ಟಕಡೆಗೆ ಪಕ್ಕದ ಮನೆಯ ಹಸನಬಿಯದು, ಮಬ್ಬಾದ ಹೆಬ್ಬಟ್ಟು.

ಎಂಟಾಯಿತು.

ಅನಿತಾ ಕೈ ಒರೆಸಿಕೊಂಡು ಅತ್ತೆಯ ಫೋನು ಎತ್ತಿಕೊಂಡಳು. ಒಂಬತ್ತು ಹಾಡಿನ ಪಟ್ಟಿಯ ನೆತ್ತಿಗೆ ಆ ಕಪ್ಪು ಚಿತ್ರವನ್ನು ಅಂಟಿಸಿ ಗುಂಪಿಗೆ ಕಳಿಸಿದಳು. ಗುಂಪಿನಲ್ಲಿ ಮೂಡಿದ್ದು ಸಣ್ಣವ್ವನ ಹೆಸರು, ಸಣ್ಣವ್ವನ ನಗುವ ಮುಖ, ಅದರ ಕೆಳಗೆ ಎರೆಮಣ್ಣು.

ಗೋಡೆಯಾಚೆ ಹಸನಬಿಯ ಫೋನು ಟಿಂಗ್ ಎಂದಿತು. ಆಮೇಲೆ ಅವಳ ಮನೆಯ ಸ್ಟೀಲಿನ ತಂಬಿಗೆಯೊಳಗೆ ಫೋನನ್ನು ಮೆಲ್ಲಗೆ ನಿಲ್ಲಿಸಿದ ಸದ್ದು.