ಔಷಧಿ ಗೋಡನ್ನಿನ ಮಣ್ಣು

ಮುನಿಲಕ್ಷ್ಮಮ್ಮನಿಗೂ ಅಪ್ಪಯ್ಯಣ್ಣನಿಗೂ ಎಣ್ಣೆ ಸೀಗೆಕಾಯಿ. ಅವಳ ಗಾಡಿದಾರಿಗೆ ಅಡ್ಡವಾಗಿ ಮುಳ್ಳುಬೇಲಿ ಎಳೆದವನು ಅವನು, ಆ ಬೇಲಿಗೆ ಬೆಂಕಿ ಇಟ್ಟವಳು ಇವಳು. ಚನ್ನರಾಯಪಟ್ಟಣದ ಕಡೆಯ ಆ ಊರಿನಲ್ಲಿ ಇಬ್ಬರ ಮನೆಗೂ ನಡುವೆ ಇದ್ದದ್ದು ಹಳೇ ಔಷಧಿ ಗೋಡನ್ ಒಂದೇ. ಮಣ್ಣಿನ ಗೋಡೆ, ಮೇಲೆ ಸುಣ್ಣದ ಗಾರೆ, ನಾಡಹೆಂಚು. ಒಂದು ಕಾಲದಲ್ಲಿ ಬೆಳೆಗೆ ಹೊಡೆಯುವ ಬಿಎಚ್‌ಸಿ ಪುಡಿಯ ಮೂಟೆಗಳನ್ನು ಅಲ್ಲಿ ಸೂರಿನವರೆಗೆ ಒಟ್ಟುತ್ತಿದ್ದರು. ಮೂಟೆಗಳು ಹೋಗಿ ವರ್ಷಗಳಾಗಿದ್ದರೂ ಮಳೆ ಬಿದ್ದರೆ ಗೋಡೆಯಿಂದ ಕಮಟು ವಾಸನೆ ಏಳುತ್ತಿತ್ತು. ತೊಂಬತ್ಮೂರರ ಬೇಸಿಗೆಯಲ್ಲಿ ಅಪ್ಪಯ್ಯಣ್ಣ ಅದನ್ನು ಕೊಂಡುಕೊಂಡ. ಕೆಡವಿ ಮಗನಿಗೆ ಮನೆ ಕಟ್ಟುತ್ತೇನೆಂದ.

ಗೋಡನ್ನಿಗೆ ಅಂಟಿಕೊಂಡೇ ಮುನಿಲಕ್ಷ್ಮಮ್ಮನ ಹುಳುಮನೆ. ಗಂಡ ಸತ್ತ ಮೇಲೆ ಅವಳ ಸಂಸಾರ ನಿಂತದ್ದೇ ರೇಷ್ಮೆಹುಳುವಿನ ಮೇಲೆ. ಹುಳುವೋ, ಬೀಡಿ ಸೇದಿದ ಕೈಯಲ್ಲಿ ಸೊಪ್ಪು ಮುಟ್ಟಿದರೂ ಒದ್ದಾಡುವ ಪ್ರಾಣಿ. ಅದರ ಪಕ್ಕದಲ್ಲೇ ವಿಷ ಕುಡಿದ ಗೋಡೆಯನ್ನು ಒಡೆದು ಧೂಳೆಬ್ಬಿಸಲು ಇವನು ಹೊರಟಿದ್ದ. ಆಳುಗಳು ಹಾರೆ ಎತ್ತಿದ ದಿನ ಅವಳು ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗೋಡೆಗೆ ಬೆನ್ನು ಕೊಟ್ಟು ನಿಂತುಬಿಟ್ಟಳು.

“ನನ್ನ ಗೋಡೆ ಕೆಡವೋಕೆ ನಿನ್ನ ಅಪ್ಪಣೆ ಬೇಕೇನಮ್ಮ?” ಅಂದ ಅಪ್ಪಯ್ಯಣ್ಣ.

“ನನ್ನ ಹುಳ ಗೂಡು ಕಟ್ಟೋಗಂಟ ಬೇಕು. ಈಗ ಒಂದು ಹೆಂಟೆ ಬಿದ್ರೂ ನಿನ್ನ ಜುಟ್ಟು ಹಿಡ್ಕೋತೀನಿ.”

ಜಗಳ ರೇಷ್ಮೆ ಇಲಾಖೆಯ ಇನ್‌ಸ್ಪೆಕ್ಟರ್ ಶಶಿಕುಮಾರ್ ತನಕ ಹೋಯಿತು. ಅವರು ಬಂದು ಗೋಡೆ ಮೂಸಿ ನೋಡಿ ಹಿಂದೆ ಸರಿದರು. ಹುಳು ಗೂಡು ಕಟ್ಟಿದ ಮೇಲೆ ಗೋಡೆಯನ್ನು ಚೆನ್ನಾಗಿ ನೆನೆಸಿ ಗಾರೆ ಕೆತ್ತಬೇಕು, ನೆಲವನ್ನು ಗೇಣುದ್ದ ಅಗೆಯಬೇಕು, ಗೋಡೆ ಮಣ್ಣೂ ಸೇರಿ ಎಲ್ಲವನ್ನೂ ಬಾವಿಗಳಿಂದ ದೂರ, ಗೋಮಾಳದ ಗುಂಡಿಯಲ್ಲಿ ಹೂಳಬೇಕು ಎಂದರು.

“ಇದೇನು ಗೋಡೆ ಕೆಡವೋದೋ, ಹೆಣ ಮಣ್ಣು ಮಾಡೋದೋ,” ಎಂದು ಅಪ್ಪಯ್ಯಣ್ಣ ಗೊಣಗಿದ. ಊರೆದುರು ಸೋತಿದ್ದ, ಒಪ್ಪಲೇಬೇಕಾಯಿತು.

ಗೂಡು ಬಿಡಿಸಿ ಮಾರ್ಕೆಟ್ಟಿಗೆ ಕಳಿಸಿದ ಮೇಲೆ ಕೆಡವುವ ಕೆಲಸ ಶುರುವಾಯಿತು. ಮುನಿಲಕ್ಷ್ಮಮ್ಮ ಇಡೀ ದಿನ ಅಲ್ಲೇ ನಿಂತು ನೀರು ಹೊಡೆಸಿದಳು. “ಆ ಮೂಲೆ ಒಣಗೈತೆ ನೋಡು, ಕಣ್ಣು ಕಾಣ್ಸಲ್ವಾ?” ಎಂದು ಬೆರಳು ತೋರಿಸಿದಾಗಲೆಲ್ಲ ಅಪ್ಪಯ್ಯಣ್ಣನ ಮುಖ ಕಪ್ಪಿಡುತ್ತಿತ್ತು. ಅದನ್ನು ನೋಡಿ ಅವಳಿಗೆ ಹಾಲು ಕುಡಿದಷ್ಟು ಸಂತೋಷ.

ಗಾರೆಯೂ ನೆಲದ ಮಣ್ಣೂ ಗುಂಡಿಗೆ ಹೋದವು. ಗೋಡೆ ಮಣ್ಣಿನ ಗಾಡಿಗಳು ಮಾತ್ರ ಗೋಮಾಳದ ಕಡೆ ತಿರುಗದೆ ಅಪ್ಪಯ್ಯಣ್ಣನ ಹಿಪ್ಪುನೇರಳೆ ತೋಟಕ್ಕೆ ಇಳಿದವು. ಹಳೇ ಗೋಡೆಯ ಮಣ್ಣೆಂದರೆ ಆ ಸೀಮೆಯಲ್ಲಿ ಸಗಣಿ ಗೊಬ್ಬರಕ್ಕಿಂತ ಒಂದು ಕೈ ಮೇಲು, ಅದನ್ನು ಹೂಳಲು ಯಾವ ಒಕ್ಕಲಿಗನಿಗೂ ಕೈ ಬರುವುದಿಲ್ಲ. ಮುನಿಲಕ್ಷ್ಮಮ್ಮ ಬಾಗಿಲಲ್ಲಿ ನಿಂತು ಒಂದೊಂದು ಗಾಡಿಯನ್ನೂ ನೋಡಿದಳು. ಕೂಗಿ ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡಳು. ಅವನ ತೋಟ, ಅವನ ಹಣೆಬರಹ, ಬೇರು ಸಮೇತ ಒಣಗಿಹೋಗಲಿ ಎಂದುಕೊಂಡು ಒಳಗೆ ಹೋಗಿ ಒಲೆ ಹಚ್ಚಿದಳು. ಅಂದು ಮುದ್ದೆ ಒಂದು ತುತ್ತು ಹೆಚ್ಚಾಗಿಯೇ ಇಳಿಯಿತು.

ತೋಟ ಒಣಗಲಿಲ್ಲ. ಒಳ್ಳೇ ಚಿಗುರೇ ಬಂತು.

ಮುಂದಿನ ಬೆಳೆಯಲ್ಲಿ ಹುಳು ಪೊರೆ ಬಿಡುವ ಕೊನೆಯ ಜ್ವರದಿಂದ ಎದ್ದು ಎಷ್ಟು ಹಾಕಿದರೂ ಸಾಲದೆನ್ನುವಂತೆ ಮೇಯತೊಡಗಿದಾಗ ಅವಳ ತೋಟದ ಸೊಪ್ಪು ಮುಗಿದುಹೋಯಿತು. ಮಗ ವೇಣುಗೋಪಾಲ್ ಸೈಕಲ್ಲಿನ ಮೇಲೆ ಸೊಪ್ಪಿನ ಹೊರೆ ತಂದ. ಎಲ್ಲಿಯದೆಂದು ಕೇಳಲೂ ಅವಳಿಗೆ ಪುರುಸೊತ್ತಿರಲಿಲ್ಲ, ತಟ್ಟೆ ತಟ್ಟೆಗೂ ಹರಡಿದಳು. ಮಧ್ಯಾಹ್ನದ ಹೊತ್ತಿಗೆ ಹುಳುಗಳು ತಲೆ ಎತ್ತಿ ಅತ್ತಿತ್ತ ಆಡಿಸತೊಡಗಿದವು. ಆಮೇಲೆ ಹಸಿರು ನೀರು ಕಾರಿಕೊಂಡು ಮೈ ಮುದುರಿ ಬಿದ್ದವು. ಇನ್ನೆರಡು ದಿನಕ್ಕೆ ಹಣ್ಣಾಗಿ ಗೂಡು ಕಟ್ಟಬೇಕಿದ್ದ ಹುಳು. ಮುನಿಲಕ್ಷ್ಮಮ್ಮ ಉಳಿದ ಸೊಪ್ಪನ್ನು ಬಾಚಿ ತೆಗೆದು ಮಗನ ಕಡೆ ತಿರುಗಿದಳು.

“ಎಲ್ಲಿ ಸೊಪ್ಪೋ ಇದು?”

“ಪಾಪಯ್ಯನ ಹತ್ರ ತಂದೆ.”

“ಪಾಪಯ್ಯನಿಗೆಲ್ಲೈತೋ ಇಷ್ಟು ಸೊಪ್ಪು?”

ವೇಣುಗೋಪಾಲ್ ನೆಲ ನೋಡಿದ. “ಅಪ್ಪಯ್ಯಣ್ಣನ ತೋಟ ಗುತ್ತಿಗೆಗೆ ಹಿಡಿದವ್ನೆ. ಹೇಳಿದ್ರೆ ನೀನು ಮುಟ್ತಿರ್ಲಿಲ್ಲ ಅಂತ ಹೇಳ್ಲಿಲ್ಲ ಕಣಮ್ಮ.”

ಅವಳು ಸತ್ತ ಹುಳುವಿನ ತಟ್ಟೆಯೊಂದನ್ನು ಎತ್ತಿಕೊಂಡು ಹೋಗಿ ಅಪ್ಪಯ್ಯಣ್ಣನ ಹೊಸಿಲ ಮೇಲೆ ಸುರಿದಳು. ಬೀದಿಯಲ್ಲಿ ಜನ ಸೇರಿದರು. ಪಾಪಯ್ಯನೂ ಬಂದ. ಅವನ ಮನೆಯ ಹುಳುವೂ ಬೆಳಗ್ಗೆಯಿಂದ ಸಾಯುತ್ತಿತ್ತು, ಯಾಕೆಂದು ಅವನಿಗೆ ತಿಳಿದಿರಲಿಲ್ಲ.

“ಹೂಳು ಅಂದ ಮಣ್ಣನ್ನ ತೋಟಕ್ಕೆ ಹಾಕಿದ್ಯಲ್ಲೋ, ನಿನ್ನ ಮನೆ ಹಾಳಾಗ,” ಎಂದಳು ಮುನಿಲಕ್ಷ್ಮಮ್ಮ.

ಅಪ್ಪಯ್ಯಣ್ಣ ಹುಳುಗಳನ್ನೇ ನೋಡುತ್ತ ನಿಂತ. “ನೀನೇ ನಿಂತು ದಿನವೆಲ್ಲ ನೀರು ಹೊಡೆಸಿದ್ಯಲ್ಲ. ವಿಷ ತೊಳೆದೋಯ್ತು ಅಂದ್ಕೊಂಡೆ.”

“ನೀರು ಹೊಡೆಸಿದ್ದು ಧೂಳು ಏಳದಿರಲಿ ಅಂತ. ಗೋಡೆ ಒಳಗೆ ಇಳಿದಿದ್ದು ಎಲ್ಲಿಗೆ ಹೋಗ್ತದೆ? ಗಾಡಿ ನಿನ್ನ ತೋಟಕ್ಕೆ ಇಳಿದಾಗ್ಲೇ ಅಂದ್ಕೊಂಡೆ...”

ಮಾತು ಅಲ್ಲೇ ನಿಂತಿತು. ನುಂಗಲು ಹೋದಳು, ಆಗಲೇ ಎಲ್ಲರ ಕಿವಿಗೂ ಬಿದ್ದಾಗಿತ್ತು.

“ಗಾಡಿ ಹೋಗಿದ್ದು ನೋಡಿದ್ಯಾ?” ಪಾಪಯ್ಯ ಕೇಳಿದ. “ನೋಡಿಯೂ ಸುಮ್ನಿದ್ಯಾ?”

ಮುನಿಲಕ್ಷ್ಮಮ್ಮ ಮಗನ ಕಡೆ ತಿರುಗಿದಳು. ಅವನೂ ಉತ್ತರಕ್ಕೆ ಕಾಯುತ್ತಿದ್ದ. ಅವಳು ಖಾಲಿ ತಟ್ಟೆ ಎತ್ತಿಕೊಂಡು ಮನೆಯ ಕಡೆ ಹೊರಟಳು.

“ನಾನು ದಡ್ಡ ಕಣಮ್ಮ, ಗೊತ್ತಾಗ್ಲಿಲ್ಲ,” ಎಂದ ಅಪ್ಪಯ್ಯಣ್ಣ ಹಿಂದಿನಿಂದ. “ನಿಂಗೆ ಗೊತ್ತಿತ್ತಲ್ಲ.”

ಇಪ್ಪತ್ತು ವರ್ಷ ಅವನಿಗೆ ಒಂದು ಮಾತೂ ಬಾಕಿ ಉಳಿಸದೆ ತಿರುಗಿಸಿ ಕೊಟ್ಟವಳು ಮುನಿಲಕ್ಷ್ಮಮ್ಮ. ಅಂದು ಬಾಯಿಗೆ ಬಂದ ಬೈಗುಳಗಳಲ್ಲಿ ಅವನೊಬ್ಬನಿಗೇ ತಾಗುವಂಥದ್ದು ಒಂದೂ ಇರಲಿಲ್ಲ.