ನೂರ ಎಂಬತ್ತೇಳನೆಯ ಕಿಲೋಮೀಟರು

ಹಿಂದಿನ ಚಕ್ರದ ಗಾಳಿ ಬಿಡುತ್ತಿದ್ದ ಜೆರ್ವೇಯ ಕೈ ಅಲ್ಲೇ ನಿಂತುಬಿಟ್ಟಿತು. ಮೆತ್ತನೆಯ ಮರಳಿಗೆ ಇಳಿಯುವ ಮುನ್ನ ಟೈರಿನ ಗಾಳಿ ಇಳಿಸುವುದು ತೆನೆರೆ ಮರಳುಗಾಡಲ್ಲಿ ಗಾಡಿ ಓಡಿಸುವ ಯಾರಿಗೂ ಹೊಸದಲ್ಲ. ಸೆಪ್ಟೆಂಬರಿನಲ್ಲಿ ದಾರಿಪುಸ್ತಕ ಬರೆಯಲು ಬಂದಾಗಲೂ ಅವನು ಹೀಗೆಯೇ ಇಳಿಸಿದ್ದ. ಗಾಳಿ ಇಳಿದ ಚಕ್ರ ಕುಗ್ಗುತ್ತದೆ, ಮರಳಲ್ಲಿ ಸುಮ್ಮಸುಮ್ಮನೆ ಹೆಚ್ಚು ಸುತ್ತುತ್ತದೆ, ಮೀಟರು ಇಲ್ಲದ ದೂರವನ್ನು ಇದೆಯೆಂದು ತೋರಿಸುತ್ತದೆ. ಆ ಹೆಚ್ಚುವರಿಯನ್ನು ಕಳೆದು ಬರೆಯಬೇಕು. ಕಳೆದಿದ್ದೆನೇ? ಕಳೆದಿರಲಿಲ್ಲ.

ಹತ್ತು ವರ್ಷ ಡಾಂಬರಿನ ಮೇಲೆ ರೇಸು ಓಡಿಸಿ, ಎರಡು ಸಲ ಮೂಳೆ ಮುರಿದುಕೊಂಡು, ಆಮೇಲೆ ಈ ಮರಳುಗಾಡಿನ ರ್‍ಯಾಲಿಯನ್ನು ಹುಟ್ಟುಹಾಕಿದವನು ಜೆರ್ವೇ ಲಾಕೊಂಬ್. ದಾರಿಪುಸ್ತಕ ಬರೆಯುವ ಕೆಲಸವನ್ನು ಮಾತ್ರ ಬೇರೆಯವರ ಕೈಗೆ ಕೊಟ್ಟವನಲ್ಲ. ಎಷ್ಟನೆಯ ಕಿಲೋಮೀಟರಿಗೆ ಎಡಕ್ಕೆ, ಎಷ್ಟನೆಯದಕ್ಕೆ ಬಲಕ್ಕೆ, ಎಲ್ಲ ಅವನದೇ ಬರಹ. ಸಂಜೆ ಸವಾರರನ್ನೆಲ್ಲ ಕೂರಿಸಿಕೊಂಡು ಎರಡೇ ಮಾತು ಹೇಳುತ್ತಿದ್ದ. ಗಾಳಿ ಎದ್ದರೆ ಕಣ್ಣನ್ನು ನಂಬಬೇಡಿ, ಪುಸ್ತಕ ನಂಬಿ. ದಾರಿ ತಪ್ಪಿದರೆ ಗಾಡಿ ಬಿಟ್ಟು ಕದಲಬೇಡಿ.

ಫರ್ಮಾಂ ಕಾಣೆಯಾಗಿ ಇದು ಮೂರನೆಯ ದಿನ. ಇಪ್ಪತ್ತಮೂರು ವರ್ಷದ ಬೈಕ್ ಸವಾರ, ಬೆನ್ನಿಗಿದ್ದದ್ದು ಮೂರು ಲೀಟರು ನೀರು. ನೂರ ಎಂಬತ್ತೇಳಕ್ಕೆ ಎಡಕ್ಕೆ ತಿರುಗಿ ಎಂದಿತ್ತು ಪುಸ್ತಕ. ಮುಂದೆ ಹೋದವರು ಅಲ್ಲಿಟ್ಟಿದ್ದ ಕೆಂಪು ಪೀಪಾಯಿಯನ್ನು ಕಣ್ಣಾರೆ ಕಂಡು ತಿರುಗಿದ್ದರು. ಪೀಪಾಯಿ ಆರು ಕಿಲೋಮೀಟರು ಮೊದಲೇ ಬಂತಲ್ಲ ಎಂದು ಇಬ್ಬರು ಕೇಳಿಯೂ ಇದ್ದರು. ನಿಮ್ಮ ಮೀಟರು ರಿಪೇರಿ ಮಾಡಿಸಿಕೊಳ್ಳಿ ಎಂದು ಜೆರ್ವೇ ಗದರಿ ಕಳಿಸಿದ್ದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ. ಫರ್ಮಾಂ ಎಲ್ಲರಿಗಿಂತ ಕೊನೆಯವನು. ಅವನು ಅಲ್ಲಿಗೆ ಬರುವಷ್ಟರಲ್ಲಿ ಮರಳುಗಾಳಿ ಎದ್ದಿತ್ತು, ಪೀಪಾಯಿ ಕಂಡಿರಲಾರದು. ಹುಡುಗ ಪುಸ್ತಕ ನಂಬಿದ್ದ. ಹುಡುಕುವ ವಿಮಾನವೋ ಎರಡು ದಿನದಿಂದ ಪೀಪಾಯಿಯ ಎಡಗಡೆಯ ಕಣಿವೆಯನ್ನೇ ಸುತ್ತುತ್ತಿತ್ತು.

ಜೆರ್ವೇ ರೇಡಿಯೋ ಕೈಗೆತ್ತಿಕೊಂಡ. ಹೇಳಿದರೆ ಎಲ್ಲ ಗಾಡಿಗಳಿಗೂ ಕೇಳಿಸುತ್ತದೆ. ರ್‍ಯಾಲಿ ಇವತ್ತಿಗೆ ಮುಗಿಯಿತು. ಹುಡುಗನನ್ನು ಮೊದಲು ಹುಡುಕೋಣ, ಮಿಕ್ಕದ್ದು ಆಮೇಲೆ ಎಂದು ತನಗೆ ತಾನೇ ಹೇಳಿಕೊಂಡು ಕೆಳಗಿಟ್ಟ. ಘುಮೂರ್ ಗಾಡಿ ಹತ್ತಿ ಪಕ್ಕದಲ್ಲಿ ಕೂತ. ಹಿಂದೊಮ್ಮೆ ದಾರಿ ತಪ್ಪಿ ಸಾಯಲು ಬಿದ್ದಿದ್ದ ಜೆರ್ವೇಯನ್ನು ಒಂಟೆಯ ಮೇಲೆ ಹೇರಿ ತಂದ ತುವಾರೆಗ್ ಜನಾಂಗದ ಮುದುಕ ಅವನು. ಹಿಂದಿನ ಸೀಟಿನಲ್ಲಿ ಸೊಲಾಂಜ್, ಫರ್ಮಾಂನ ಅಕ್ಕ, ಅವನ ಬೈಕಿನ ಮೆಕ್ಯಾನಿಕ್ಕೂ ಅವಳೇ. ನೀರಿನ ಕ್ಯಾನನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು.

ಎರಡು ಗಂಟೆ ಗಾಡಿ ಮರಳಲ್ಲಿ ಓಡಿತು.

"ಪೀಪಾಯಿ ಹಿಂದೆ ಹೋಯ್ತು," ಎಂದ ಘುಮೂರ್.

"ಗೊತ್ತು."

"ನಿಂಗೇನೋ ಗೊತ್ತಿದೆ. ಬಾಯಿ ಬಿಡು ಮಾರಾಯ. ಈ ಮರಳಿನ ಮುಂದೆ ಎಂಥಾ ಮಾನ ನಿಂದು?"

ಜೆರ್ವೇ ಹೇಳಿದ. ಚಕ್ರ, ಗಾಳಿ, ಆರು ಕಿಲೋಮೀಟರು, ಎಲ್ಲವನ್ನೂ. ಹಿಂದಿನಿಂದ ಸೊಲಾಂಜಳ ದನಿ ಬಂತು.

"ಯಾವಾಗ ಗೊತ್ತಾಯ್ತು ನಿಮ್ಗೆ?"

"ಬೆಳಿಗ್ಗೆ. ಗಾಳಿ ಬಿಡುವಾಗ."

"ರೇಡಿಯೋ ಇಲ್ಲೇ ಇತ್ತಲ್ಲ, ಸಾರ್."

ಜೆರ್ವೇ ಗಾಡಿ ನಿಲ್ಲಿಸಿದ. ರೇಡಿಯೋ ಎತ್ತಿ ಎಲ್ಲರಿಗೂ ಕೇಳುವಂತೆ, ಪುಸ್ತಕ ತಪ್ಪು, ತಪ್ಪು ನನ್ನದು ಎಂದು ಮೂರು ಸಲ ಹೇಳಿದ. ವಿಮಾನ ಎಣ್ಣೆ ತುಂಬಿಸಿಕೊಳ್ಳಲು ಈಗಷ್ಟೇ ಅಗಾದೆಜ್ ಊರಿಗೆ ಮರಳಿದೆ, ಬರಲು ಒಂದೂವರೆ ಗಂಟೆಯಾದರೂ ಬೇಕು ಎಂದು ಉತ್ತರ ಬಂತು.

ಪೀಪಾಯಿ ದಾಟಿ ಆರು ಕಿಲೋಮೀಟರು, ನಿಜವಾದ ನೂರ ಎಂಬತ್ತೇಳಕ್ಕೆ ಎಡಕ್ಕೆ ತಿರುಗಿದರು. ದಿಬ್ಬದ ಸಾಲಿನ ಆಚೆ ಬೇರೆಯದೇ ಕಣಿವೆ. ದೇವರೇ, ಒಂದು ಉಸಿರು ಉಳಿಸು, ಮಿಕ್ಕದ್ದೆಲ್ಲ ನೀನೇ ತಗೋ ಎಂದು ಜೆರ್ವೇ ಬಾಯಲ್ಲೇ ಗೊಣಗುತ್ತಿದ್ದ. ಅವನು ದೇವರನ್ನು ಕರೆದು ಎಷ್ಟೋ ವರ್ಷವಾಗಿತ್ತು.

ಬೈಕು ಮೊದಲು ಕಂಡಿದ್ದು ಘುಮೂರ್‌ಗೆ. ಫರ್ಮಾಂ ಅದರ ಅಂಗೈಯಗಲ ನೆರಳಿನಲ್ಲಿ, ಹೆಲ್ಮೆಟನ್ನು ತೊಡೆಯ ಮೇಲಿಟ್ಟುಕೊಂಡು ಒರಗಿ ಕೂತಿದ್ದ. ಸುತ್ತ ಹತ್ತು ಹೆಜ್ಜೆಯಾಚೆ ಒಂದೂ ಹೆಜ್ಜೆಗುರುತು ಇರಲಿಲ್ಲ. ಸೊಲಾಂಜ್ ಕ್ಯಾನಿನ ಮುಚ್ಚಳ ತಿರುಗಿಸುತ್ತಲೇ ಓಡಿದಳು. ಘುಮೂರ್ ಹುಡುಗನ ಮೂಗಿನ ಬಳಿ ಕೈ ಹಿಡಿದ, ಕುತ್ತಿಗೆ ಮುಟ್ಟಿದ, ಮೊಣಕೈ ಮಡಚಿ ನೋಡಿದ. ಆಮೇಲೆ ಮೆಲ್ಲಗೆ ಅವಳ ಕೈಯಿಂದ ಕ್ಯಾನು ತೆಗೆದುಕೊಂಡ.

"ಮೈ ಇನ್ನೂ ಸೆಟೆದಿಲ್ಲ. ಜೀವ ಹೋಗಿ ಎರಡು ಗಂಟೆ ಆಗಿರಬಹುದು, ಅಷ್ಟೇ," ಎಂದ, ಜೆರ್ವೇಯ ಕಡೆ ನೋಡದೆ.

ಸೊಲಾಂಜ್ ತಮ್ಮನ ತಲೆಯನ್ನು ಎದೆಗೊತ್ತಿಕೊಂಡು ಬಹಳ ಹೊತ್ತು ಕೂತಿದ್ದಳು. ಆಮೇಲೆ ಎದ್ದು, ಅಭ್ಯಾಸಬಲದಿಂದಲೋ ಏನೋ, ಬೈಕಿನ ಮೀಟರಿನ ಧೂಳು ಒರೆಸಿದಳು. ಇನ್ನೂರ ಒಂಬತ್ತು. ಹ್ಯಾಂಡಲಿಗೆ ಕಟ್ಟಿದ್ದ ದಾರಿಪುಸ್ತಕದ ಸುರುಳಿಯೂ ಇನ್ನೂರ ಒಂಬತ್ತರಲ್ಲೇ ನಿಂತಿತ್ತು.

"ನೋಡಿ ಸಾರ್. ನನ್ ತಮ್ಮ ಒಂದೂ ತಪ್ಪು ಮಾಡಿಲ್ಲ."

ದೂರದಲ್ಲಿ ವಿಮಾನದ ಸದ್ದು ಕೇಳತೊಡಗಿತು. ಜೆರ್ವೇ ಸುರುಳಿಯ ಮೇಲೆ ಬಗ್ಗಿದ. ಅವನದೇ ಅಕ್ಷರ, ದುಂಡಗೆ, ಕೆಳಗೆ ಗೆರೆ ಎಳೆದು: ಇಲ್ಲಿಂದ ಗಟ್ಟಿ ನೆಲ, ನಿಶ್ಚಿಂತೆಯಿಂದ ಹೋಗಿ. ಅದರ ಕೆಳಗೆ ಬೈಕಿನ ಮುಂದಿನ ಚಕ್ರ ಅರ್ಧಕ್ಕರ್ಧ ಮರಳಿನಲ್ಲಿ ಹೂತುಹೋಗಿತ್ತು.